‘ಸುಸ್ಥಿತಿ’, ‘ಸನ್ನದ್ಧತೆ’: ಬಂದೋಬಸ್ತ್ ಪಟ್ಟಿಗೆ ಸರಿಯಾದ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಬಂದೋಬಸ್ತಿಗೆ ಹೊರಡುವ ಪೊಲೀಸರಿಗಾಗಿ ಒಂದು ತಪಾಸಣಾ ಪಟ್ಟಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ದಸರಾದ ದಶಮಂಟಪಗಳ (ಹತ್ತು ದೇವಸ್ಥಾನಗಳ ಮಂಟಪಗಳ) ಮೆರವಣಿಗೆಯ ರಾತ್ರಿ ಇಲ್ಲಿನ ಏರುತಗ್ಗಿನ ರಸ್ತೆಗಳಲ್ಲಿ ಎಷ್ಟು ಜನ ಸೇರುತ್ತಾರೆ ಅಂತ ನೋಡಿದವರಿಗೆ ಗೊತ್ತು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಆಡುವವರೂ ಇದನ್ನು ಓದಬೇಕು. ಪದ ಸುಲಭವಾಗಿರಬೇಕು, ದಾರಿ ತಪ್ಪಿಸಬಾರದು.

ಹೆಲ್ಮೆಟ್, ಶೀಲ್ಡ್‌ಗಳ ಬಗ್ಗೆ ‘ಸುಸ್ಥಿತಿಯಲ್ಲಿದೆ’ ಅಂತ ದಾಸ್ತಾನು ಪುಸ್ತಕದಲ್ಲಿ ಬರೆಯುವುದು ರೂಢಿ. ಓದಿದವರು ಒಡೆದಿಲ್ಲ, ಹರಿದಿಲ್ಲ ಅಂತ ತಿಳಿಯುತ್ತಾರೆ. ಆದರೆ ಹೆಲ್ಮೆಟ್‌ಗೆ ಕಲ್ಲಿನ ಜೋರು ಪೆಟ್ಟು ಬಿದ್ದಿದ್ದರೆ ಒಳಗಿನ ಫೋಮ್ ಜಜ್ಜಿಹೋಗಿರಬಹುದು. ಹೊರಗೆ ಏನೂ ಕಾಣುವುದಿಲ್ಲ. ಮುಂದಿನ ಪೆಟ್ಟಿಗೆ ಅದನ್ನು ನಂಬುವಂತಿಲ್ಲ. ಪಾಲಿಕಾರ್ಬೊನೇಟ್ ಶೀಲ್ಡನ್ನು ಥಿನ್ನರಿನಲ್ಲಿ ಒರೆಸಿದರೆ ಸಣ್ಣ ಬಿರುಕು ಬಿಟ್ಟು ಬಲ ಕಳೆದುಕೊಳ್ಳುತ್ತದೆ, ಸೋಪು ನೀರೇ ಸಾಕು. ಇನ್ನು ನಮ್ಮ ಮಳೆಗಾಲ ಕಳೆಯುವಷ್ಟರಲ್ಲಿ ಹೆಲ್ಮೆಟ್ ಪಟ್ಟಿಗಳಿಗೆ ಬೂಷ್ಟು, ಬಕಲ್‌ಗೆ ತುಕ್ಕು. ನೋಡಲು ಚೆನ್ನಾಗಿರುವುದು ಬೇರೆ, ಕೆಲಸಕ್ಕೆ ಬರುವುದು ಬೇರೆ ಅಲ್ವಾ? ಸದ್ಯಕ್ಕೆ ‘ತೊಡಬಹುದು’, ‘ತೊಡಬಾರದು’ ಅಂತ ಹಾಕಿದ್ದೇನೆ. ಆದರೆ ಶೀಲ್ಡನ್ನು ಹಿಡಿಯುತ್ತೇವೆ, ತೊಡುವುದಿಲ್ಲ. ಎರಡಕ್ಕೂ ಸಲ್ಲುವ ಮಾತು ಹೇಳಿ. (ಶೀಲ್ಡ್‌ಗೆ ‘ಗುರಾಣಿ’, ಹಳೆಯ ‘ಹರಿಗೆ’ ಇವೆ. ಆದರೂ ಎಲ್ಲರ ಬಾಯಲ್ಲಿರುವ ಶೀಲ್ಡನ್ನೇ ಇಟ್ಟುಕೊಂಡಿದ್ದೇನೆ.)

ಹೆಚ್ಚು ತಲೆ ಕೆಡಿಸಿರುವುದು ‘ವೈದ್ಯಕೀಯ ಸನ್ನದ್ಧತೆ’. ಸನ್ನದ್ಧ ಅಂದರೆ ಮೂಲದಲ್ಲಿ ಕವಚ ಬಿಗಿದುಕೊಂಡವನು. ಇಷ್ಟು ಹೊಂದುವ ಪದವನ್ನು ಬಿಡಲು ಮನಸ್ಸಿಲ್ಲ. ಆದರೆ ಇದರಡಿ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಡ್ಯೂಟಿಗೆ ಹೋಗುವವರ ಬಿಪಿ, ಶುಗರ್, ಉಬ್ಬಸ, ಅಲರ್ಜಿ, ದಿನಾ ನುಂಗುವ ಮಾತ್ರೆ, ರಕ್ತದ ಗುಂಪು ಇವನ್ನೆಲ್ಲ ಮೊದಲೇ ತಿಳಿದಿರುವುದು ಒಂದು. ಯಾರಿಗಾದರೂ ಪೆಟ್ಟಾದರೆ ನೋಡಿಕೊಳ್ಳಲು ತಯಾರಿರುವುದು ಇನ್ನೊಂದು. ಇದರಲ್ಲಿ ರಕ್ತ ನಿಲ್ಲಿಸುವ ಬ್ಯಾಂಡೇಜು, ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ), ಅದನ್ನು ಕಟ್ಟಿದ ಹೊತ್ತು ಬರೆಯಲು ಪೆನ್ನು, ಸ್ಟ್ರೆಚರ್, ಜನ ತುಂಬಿದ ರಸ್ತೆ ಬಿಟ್ಟು ಆಸ್ಪತ್ರೆಗೆ ಹೋಗುವ ದಾರಿ ಎಲ್ಲ ಬರುತ್ತವೆ. ಒಂದೇ ಹೆಸರಿನಡಿ ಇಟ್ಟರೆ ಒಂದಕ್ಕೆ ಟಿಕ್ ಹಾಕಿ ಇನ್ನೊಂದನ್ನು ಮರೆಯುವ ಅಪಾಯ ಜಾಸ್ತಿ. ‘ಮೈ ತಪಾಸಣೆ’, ‘ಪೆಟ್ಟಿನ ಆರೈಕೆ’ ಅಂತ ಒಡೆಯೋಣ ಅಂದುಕೊಂಡೆ. ಆದರೆ ‘ಮೈ ತಪಾಸಣೆ’ ಅಂದರೆ ಪೊಲೀಸರಿಗೆ ಜೇಬು ತಡಕುವುದೇ ನೆನಪಾಗುತ್ತದೆ. ‘ಆರೋಗ್ಯ ತಪಾಸಣೆ’ ಸಾಕೇ?

‘ಅಶ್ರುವಾಯು’ವನ್ನು ಬದಲಿಸುವುದು ಬೇಡ, ಎಲ್ಲರಿಗೂ ಗೊತ್ತಿರುವ ಪದ. ಆದರೆ ಅಶ್ರುವಾಯುವಿಗೆ ಬಳಸುವ ಸಿ.ಎಸ್. ಅನ್ನುವ ರಾಸಾಯನಿಕ ನಿಜವಾಗಿ ಗಾಳಿಯಲ್ಲಿ ಹರಡುವ ನುಣ್ಣನೆಯ ಪುಡಿ. ‘ವಾಯು’ ಅಂದ ಕೂಡಲೇ ಗಾಳಿ ಬೀಸಿದರೆ ಹೋಯಿತು ಅನಿಸುತ್ತದೆ. ಅದು ಬಟ್ಟೆಗೆ, ಹೆಲ್ಮೆಟ್ ಪಟ್ಟಿಗೆ ಅಂಟಿಕೊಂಡಿರುತ್ತದೆ. ಒದ್ದೆ ಚರ್ಮದ ಮೇಲೆ ಉರಿ ಇನ್ನೂ ಹೆಚ್ಚು. ಅದಕ್ಕೇ ‘ಅಶ್ರುವಾಯುವಿನ ಪುಡಿ ಬಿದ್ದ ಬಟ್ಟೆ ಬೇರೆ ಚೀಲಕ್ಕೆ. ಕಣ್ಣು ಉಜ್ಜಬೇಡಿ, ಧಾರಾಳ ನೀರಿನಲ್ಲಿ ತೊಳೆಯಿರಿ’ ಅಂತ ಬರೆದಿದ್ದೇನೆ. ವಾಯು, ಪುಡಿ ಒಟ್ಟಿಗೆ ಬಂದರೆ ಓದುವವರಿಗೆ ಗೊಂದಲ ಆಗುತ್ತದೆಯೇ?

ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್), ಡಿಎಆರ್‌ನಲ್ಲಿ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಕೆಲಸ ಮಾಡಿದವರು ಇಲ್ಲಿದ್ದರೆ, ನಿಮ್ಮ ಕಡೆ ಬಾಯಿಮಾತಿನಲ್ಲಿ ಏನನ್ನುತ್ತಿದ್ದಿರಿ ಅಂತ ದಯವಿಟ್ಟು ಬರೆಯಿರಿ.