ರಿಲಯಬಿಲಿಟಿಗೆ ‘ನೆಚ್ಚಿಕೆ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಸಣ್ಣ ಊರುಗಳಿಗೆ, ದ್ವೀಪಗಳಿಗೆ ಕರೆಂಟ್ ಕೊಡುವ ಮೈಕ್ರೋಗ್ರಿಡ್‌ಗಳ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೈಕ್ರೋಗ್ರಿಡ್‌ಗೆ ‘ಕಿರುಗ್ರಿಡ್’ ಎಂದು ಬರೆದಿದ್ದೇನೆ. ‘ಕಿರುಜಾಲ’ ಎಂದರೆ ಓದುವವರ ಮನಸ್ಸು ಇಂಟರ್ನೆಟ್ ಕಡೆಗೆ ಹೋಗುತ್ತದೆ, ಅಲ್ವಾ? ಅದಿರಲಿ. ನಾನು ಸಿಕ್ಕಿಕೊಂಡಿರುವುದು ‘ರಿಲಯಬಿಲಿಟಿ’ಯಲ್ಲಿ, ಅಂದರೆ ಕರೆಂಟ್ ನಡುವೆ ನಿಲ್ಲದೆ ಬರುತ್ತಿರುವ ಗುಣಕ್ಕೆ ಹೆಸರಿಡುವಲ್ಲಿ.

ನಿಘಂಟಿನಲ್ಲಿ ಸಿಗುವುದು ‘ವಿಶ್ವಾಸಾರ್ಹತೆ’. ಸಾಕ್ಷಿಗೆ, ಸುದ್ದಿಗೆ ಅದು ಒಪ್ಪುತ್ತದೆ. ತಂತಿಗೆ, ಬ್ಯಾಟರಿಗೆ ಯಾಕೋ ಒಪ್ಪುವುದಿಲ್ಲ. ‘ಭರವಸೆ’ ಎಂದರೆ ಯಾರೋ ಮಾತು ಕೊಟ್ಟ ಹಾಗೆ. ‘ಬಾಳಿಕೆ’ಯಂತೂ ಬೇರೆಯೇ: ಹತ್ತು ವರ್ಷ ಬಾಳಿಕೆ ಬರುವ ಇನ್ವರ್ಟರ್ ವಾರಕ್ಕೊಮ್ಮೆ ನಿಂತುಹೋಗಬಹುದು.

ಉಳಿದದ್ದು ‘ನೆಚ್ಚಿಕೆ’. ‘ಮಳೆ ನೆಚ್ಚಿಕೊಂಡು ಬಿತ್ತಿದರು’ ಎನ್ನುತ್ತೇವೆ. ಆದರೆ ಅಲ್ಲಿ ನೆಚ್ಚುವವರು ನಾವು. ಮಳೆ ಎಂಥದ್ದು ಎಂದು ಆ ಮಾತು ಹೇಳುವುದಿಲ್ಲ. ನನಗೆ ಬೇಕಾದದ್ದು ಕರೆಂಟಿನ ಗುಣ, ಅದೂ ಅಳೆಯಲು ಬರುವಂಥದ್ದು.

ಎಂಜಿನಿಯರ್‌ಗಳು ಇದನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಒಬ್ಬ ಬಳಕೆದಾರರಿಗೆ ಸರಾಸರಿ ವರ್ಷಕ್ಕೆ ಎಷ್ಟು ಸಲ ಕರೆಂಟ್ ಹೋಯಿತು ಎನ್ನುವುದು ‘ಸೈಫಿ’. ಒಟ್ಟು ಎಷ್ಟು ಹೊತ್ತು ಹೋಯಿತು ಎನ್ನುವುದು ‘ಸೈಡಿ’. ಎರಡೂ ಬೇಕು. ವರ್ಷಕ್ಕೆ 8,760 ಗಂಟೆ. ಶೇ 99.9ರಷ್ಟು ಹೊತ್ತು ಕರೆಂಟ್ ಇದ್ದರೆ, ಇಲ್ಲದಿರುವುದು ಸುಮಾರು 8 ಗಂಟೆ 45 ನಿಮಿಷ. ಅದು ಒಂದೇ ಸಲ ಹೋದರೆ ಫ್ರಿಜ್‌ನಲ್ಲಿಟ್ಟ ಲಸಿಕೆ ಕೆಡಬಹುದು. ಹತ್ತು ಹತ್ತು ನಿಮಿಷದಂತೆ 52 ಸಲ ಹೋದರೆ ಫ್ರಿಜ್‌ಗೆ ಏನೂ ಆಗುವುದಿಲ್ಲ, ಆದರೆ ಕಂಪ್ಯೂಟರ್ ಮುಂದೆ ಕೂತವರ ಕೆಲಸ 52 ಸಲ ಹಾಳು.

ಇನ್ನು ದುಡ್ಡಿನ ಮಾತು. ದೊಡ್ಡ ಗ್ರಿಡ್‌ನಲ್ಲಿ ಒಂದು ಜನರೇಟರ್ ನಿಂತರೆ ಉಳಿದವು ಹೊರೆ ಹಂಚಿಕೊಳ್ಳುತ್ತವೆ. ಕಿರುಗ್ರಿಡ್‌ನಲ್ಲಿ ಇರುವುದೇ ಒಂದೋ ಎರಡೋ. ಶೇ 99ರಿಂದ 99.9ಕ್ಕೆ ಏರಬೇಕೆಂದರೆ, ವರ್ಷಕ್ಕೆ 88 ಗಂಟೆ ಹೋಗುತ್ತಿದ್ದದ್ದನ್ನು 9 ಗಂಟೆಯೊಳಗೆ ತರಬೇಕು. ಅದಕ್ಕೆ ದೊಡ್ಡ ಬ್ಯಾಟರಿಯೋ ಇನ್ನೊಂದು ಜನರೇಟರೋ ಬೇಕು. ಅದು ವರ್ಷದ ಬಹುಪಾಲು ಸುಮ್ನೆ ನಿಂತಿರುತ್ತದೆ, ಅದರ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆ ಖರ್ಚನ್ನು ಹೊರುವುದು ಕೆಲವೇ ಮನೆಗಳು. ಯೂನಿಟ್ ಬೆಲೆ ಏರುವುದು ಇಲ್ಲೇ.

ಹಾಗಾಗಿ ಎಷ್ಟು ಬೇಕು, ಅದಕ್ಕೆ ಎಷ್ಟು ಕೊಡುತ್ತೀರಿ ಎಂದು ಬಳಸುವವರನ್ನೇ ಕೂರಿಸಿ ಕೇಳಬೇಕು ಎನ್ನುತ್ತದೆ ಕೈಪಿಡಿ. ನನಗೆ ತುಂಬ ಹಿಡಿಸಿದ ಭಾಗ ಅದು. ಆದರೆ ‘ನಿಮಗೆ ಎಷ್ಟು ವಿಶ್ವಾಸಾರ್ಹತೆ ಬೇಕು?’ ಎಂದು ಕೇಳಿದರೆ ಯಾರು ಏನೆಂದು ಉತ್ತರ ಕೊಡುತ್ತಾರೆ? ‘ಕರೆಂಟ್ ತಿಂಗಳಿಗೆ ಎಷ್ಟು ಸಲ ಕೈಕೊಟ್ಟರೆ ತಡೆದುಕೊಳ್ಳುತ್ತೀರಿ?’ ಎಂದು ಕೇಳಿದರೆ ಉತ್ತರ ತಕ್ಷಣ ಬರುತ್ತದೆ. ಅದಕ್ಕೇ ಸೈಫಿಗೆ ‘ಕೈಕೊಟ್ಟ ಸಲ’, ಸೈಡಿಗೆ ‘ಕೈಕೊಟ್ಟ ಹೊತ್ತು’ ಎಂದು ಬರೆದು ನೋಡಿದೆ. ಓದಲು ಹಿತವಾಗಿದೆ.

ಒಂದು ಅನುಮಾನ ಮಾತ್ರ ಉಳಿದಿದೆ. ‘ಸ್ವಲ್ಪ ಕೈ ಕೊಡಿ, ಇದನ್ನು ಎತ್ತೋಣ’ ಎಂದಾಗ ಅರ್ಥ ನೆರವಾಗು ಎಂದು. ‘ಬ್ಯಾಟರಿ ಕೈಕೊಟ್ಟಿತು’ ಎಂದರೆ ಗೊಂದಲವಿಲ್ಲ. ‘ರಾತ್ರಿ ಜನರೇಟರ್ ಕೈಕೊಡುತ್ತದೆ’ ಎಂದರೆ?

ಇನ್ನು ಕೈಕೊಡದ ಆ ಗುಣಕ್ಕೇ ಒಂದು ಹೆಸರು ಬೇಕು. ‘ಕೈಕೊಡದಿರುವಿಕೆ’ ಬಾಯಿಗೆ ಭಾರ. ‘ನೆಚ್ಚಿಕೆಯ ಮಟ್ಟ’ ಎಂದರೆ ನಡೆದೀತೇ? ಪಂಪು, ಮೋಟಾರು ರಿಪೇರಿ ಮಾಡುವವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಕೇಳಿದವರಿದ್ದರೆ ದಯವಿಟ್ಟು ಹೇಳಿ. ಕೇಳಿದ ಪೂರ್ತಿ ವಾಕ್ಯವನ್ನೇ ಬರೆದರೆ ಇನ್ನೂ ಅನುಕೂಲ.