ವಿಳಾಸ ಪೂರ್ತಿ ಇಂಗ್ಲಿಷಿನಲ್ಲಿದೆ, ಆದರೂ ಪೈಥಾನ್ 'ಎಸ್‌ಎಂಟಿಪಿ-ಯುಟಿಎಫ್8 ಬೇಕು' ಅಂತ ಹಟ ಮಾಡುತ್ತಿದೆ

ಗುಳೇದಗುಡ್ಡದವ (ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ, ತಲೆ ಓಡುತ್ತಿಲ್ಲ.

ನಮ್ಮೂರಿನ ಒಂದು ನೇಕಾರರ ಸಂಘಕ್ಕೆ ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಪ್ರತಿ ತಿಂಗಳು ಸದಸ್ಯರಿಗೆ ಲೆಕ್ಕದ ಚೀಟಿ ಈಮೇಲ್‌ನಲ್ಲಿ ಹೋಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪತ್ರ. ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಈ ತಿಂಗಳು ಅಧ್ಯಕ್ಷರು "ಹೆಸರು ಕನ್ನಡದಲ್ಲಿ ಬರಲಿ" ಅಂದರು. ಸಿಎಸ್‌ವಿ ಫೈಲ್‌ನಲ್ಲಿ (ಕಾಲಮ್‌ಗಳ ನಡುವೆ ಅಲ್ಪವಿರಾಮ ಹಾಕಿದ ಸದಸ್ಯರ ಪಟ್ಟಿ) ಹೆಸರಿನ ಕಾಲಮ್ ಮಾತ್ರ ಬದಲಿಸಿದೆ. ಕೋಡ್ ಮುಟ್ಟಲೇ ಇಲ್ಲ.

ಈಗ ಮೊದಲ ಮೂರು ಸದಸ್ಯರಿಗೆ ಹೋಗುತ್ತದೆ. ನಾಲ್ಕನೆಯವರ ಹತ್ತಿರ ಬಂದು ನಿಂತುಬಿಡುತ್ತದೆ. ದೋಷದ ಸಂದೇಶದ ಅರ್ಥ ಹೀಗಿದೆ: ಕಳಿಸುವವರ ಅಥವಾ ಪಡೆಯುವವರ ವಿಳಾಸಗಳಲ್ಲಿ ಒಂದಕ್ಕೋ ಹೆಚ್ಚಿಗೋ ಅಂತರರಾಷ್ಟ್ರೀಯ ಈಮೇಲ್ ಬೆಂಬಲ ಬೇಕು, ಆದರೆ ಈ ಸರ್ವರ್ ಎಸ್‌ಎಂಟಿಪಿ-ಯುಟಿಎಫ್8 ಇದೆ ಅಂತ ಹೇಳುತ್ತಿಲ್ಲ.

ವಿಳಾಸ ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಇದೆ! ಕನ್ನಡ ಇರೋದು ಹೆಸರಿನಲ್ಲಿ ಮಾತ್ರ. ಸರ್ವರ್ ಕೊಟ್ಟವರಿಗೆ ಫೋನ್ ಮಾಡಿದೆ, ಆ ಸೌಲಭ್ಯ ಇಲ್ಲ ಅಂದರು. ಕೋಡ್‌ನ ಮುಖ್ಯ ಸಾಲು ಇದು (ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಹಾಗಾಗಿ ಕನ್ನಡದಲ್ಲೇ):

ಪತ್ರ['ಟೂ'] = ಹೆಸರು + ' <' + ವಿಳಾಸ + '>'

ಆಮೇಲೆ ಸೆಂಡ್_ಮೆಸೇಜ್(ಪತ್ರ). ಅಷ್ಟೇ.

ಗೋಳಗುಮ್ಮಟ_ಪ್ರತಿಧ್ವನಿ (ವಿಜಯಪುರ)

ಅದನ್ನೇ ಅಲ್ವಾ ಸಂದೇಶ ಹೇಳ್ತಿರೋದು. ಕನ್ನಡ ಬಂತು ಅಂದ್ರೆ ಎಸ್‌ಎಂಟಿಪಿ-ಯುಟಿಎಫ್8 ಬೇಕೇ ಬೇಕು. ಆ ಬೆಂಬಲ ಇರುವ ಸರ್ವರ್‌ಗೆ ಬದಲಿಸಿ. ಇಲ್ಲಾಂದ್ರೆ ಹೆಸರು ಮತ್ತೆ ಇಂಗ್ಲಿಷ್ ಮಾಡಿ.

ಕುಂದಾ_ಪ್ರಿಯ (ಬೆಳಗಾವಿ)

ಪ್ರತಿಧ್ವನಿ ಅವರೇ, ತಡೀರಿ. ಎಸ್‌ಎಂಟಿಪಿ-ಯುಟಿಎಫ್8 ಬೇಕಾಗೋದು ವಿಳಾಸದಲ್ಲೇ, ಅಂದರೆ @ ಗುರುತಿನ ಆಚೆ ಈಚೆ, ಕನ್ನಡ ಇದ್ದಾಗ. ಹೆಸರಿನಲ್ಲಿ ಕನ್ನಡ ಇಡೋದಕ್ಕೆ 1996ರ ಆರ್‌ಎಫ್‌ಸಿ 2047 ಸಾಕು (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ನಿಯಮ ಬರೆದಿಟ್ಟ ದಾಖಲೆ). ಕನ್ನಡದ ಬೈಟ್‌ಗಳನ್ನು ಬೇಸ್64 ಮಾಡಿ, ಅಂದರೆ ಇಂಗ್ಲಿಷ್ ಅಕ್ಷರ-ಅಂಕಿಗಳಾಗಿ ಬದಲಿಸಿ, =? ಮತ್ತು ?= ನಡುವೆ ಇಟ್ಟು ಕಳಿಸುವುದು. ಎಷ್ಟು ಹಳೇ ಸರ್ವರ್ ಆದರೂ ಅದನ್ನು ಸಾಗಿಸುತ್ತದೆ, ಯಾಕೆಂದರೆ ಅದರ ಕಣ್ಣಿಗೆ ಅದು ಬರೀ ಇಂಗ್ಲಿಷ್ ಅಕ್ಷರ.

ಗುಳೇದಗುಡ್ಡದವರೇ, ಒಂದು ಕೇಳ್ತೀನಿ. ನಾಲ್ಕನೆಯ ಸದಸ್ಯರ ಹೆಸರಿನಲ್ಲಿ ಅಲ್ಪವಿರಾಮ ಇದೆಯಾ?

ಗುಳೇದಗುಡ್ಡದವ

ಇದೆ ರೀ! ನಿಮಗೆ ಹೇಗೆ ಗೊತ್ತಾಯ್ತು? ಹಿರೇಮಠ, ಬಸಯ್ಯ ಅಂತ ಇದೆ (ನಿಜವಾದ ಹೆಸರು ಬೇರೆ). ಸಂಘದ ರಿಜಿಸ್ಟರ್‌ನಲ್ಲಿ ಅಡ್ಡಹೆಸರು ಮೊದಲು ಬರೆಯುತ್ತಾರೆ, ಹುಡುಕೋಕೆ ಸುಲಭ ಅಂತ. ಮೊದಲ ಮೂರು ಜನ ಹಳಬರು, ಅವರಿಗೆ ಅಡ್ಡಹೆಸರು ಬರೆದೇ ಇಲ್ಲ.

ಆದರೆ ಅಲ್ಪವಿರಾಮಕ್ಕೂ ಯುಟಿಎಫ್8ಕ್ಕೂ ಏನು ಸಂಬಂಧ? ಇನ್ನೊಂದು ಮಾತು, ಸಿಎಸ್‌ವಿ ಫೈಲ್‌ನಲ್ಲಿ ಆ ಹೆಸರಿಗೆ ಜೋಡಿ ಉದ್ಧರಣ ಚಿಹ್ನೆ ಇದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಈಗಷ್ಟೇ ನೋಡಿದೆ.

ಕುಂದಾ_ಪ್ರಿಯ

ಆ ಚಿಹ್ನೆ ಸಿಎಸ್‌ವಿಯ ಸ್ವಂತದ್ದು. ಫೈಲ್ ಓದುವಾಗ ಸಿಎಸ್‌ವಿ ರೀಡರ್ ಅದನ್ನು ಕಿತ್ತುಹಾಕಿ ಬರೀ ಹೆಸರು ಕೊಡುತ್ತದೆ. ನಿಮ್ಮ ಕೋಡ್‌ಗೆ ಬರುವ ಹೊತ್ತಿಗೆ ಅದು ಇರೋದಿಲ್ಲ. ಹಾಗಾಗಿ ನೀವು ಕಟ್ಟಿದ ಸಾಲು ಹೀಗಿರುತ್ತದೆ:

ಹಿರೇಮಠ, ಬಸಯ್ಯ <ಬಸಯ್ಯ@ಎಕ್ಸಾಂಪಲ್.ಕಾಮ್>

(ಕೊನೆಯ ಭಾಗ ಇಂಗ್ಲಿಷಿನಲ್ಲಿದೆ ಅಂದುಕೊಳ್ಳಿ.) ನಾವು ಇದನ್ನು ಒಬ್ಬರ ಹೆಸರು ಅಂತ ಓದುತ್ತೇವೆ. ಆದರೆ ಆರ್‌ಎಫ್‌ಸಿ 5322ರ ಪ್ರಕಾರ ಟೂ (ಯಾರಿಗೆ) ಸಾಲಿನಲ್ಲಿ ಅಲ್ಪವಿರಾಮ ಬಂದರೆ ಒಂದು ವಿಳಾಸ ಮುಗಿದು ಇನ್ನೊಂದು ಶುರುವಾಯಿತು ಅಂತ ಲೆಕ್ಕ. 1982ರ ಆರ್‌ಎಫ್‌ಸಿ 822ರಿಂದಲೂ ಹಾಗೇ. ಆದ್ದರಿಂದ ಪೈಥಾನ್ ಇದನ್ನು ಇಬ್ಬರು ಅಂತ ಓದುತ್ತದೆ. ಒಬ್ಬರ ವಿಳಾಸ 'ಹಿರೇಮಠ'. @ ಇಲ್ಲ, ಏನಿಲ್ಲ, ಬರೀ ಹಿರೇಮಠ. ಇನ್ನೊಬ್ಬರು ಬಸಯ್ಯ, ಅವರ ವಿಳಾಸ ಸರಿಯಾಗಿದೆ.

ಸೆಂಡ್_ಮೆಸೇಜ್ ಏನು ಮಾಡುತ್ತದೆ ಅಂದರೆ, ಟೂ ಸಾಲಿನಿಂದ ಗೆಟ್‌ಅಡ್ರೆಸಸ್ ಫಂಕ್ಷನ್ ಬಳಸಿ ವಿಳಾಸಗಳನ್ನು ತೆಗೆಯುತ್ತದೆ. ಎಲ್ಲವೂ ಆಸ್ಕಿ ಅಕ್ಷರವಾ (ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಮಾತ್ರವಾ) ಅಂತ ನೋಡುತ್ತದೆ. 'ಹಿರೇಮಠ' ಅನ್ನೋ ವಿಳಾಸ ಕನ್ನಡದಲ್ಲಿದೆ! ಅದಕ್ಕೇ ಎಸ್‌ಎಂಟಿಪಿ-ಯುಟಿಎಫ್8 ಕೇಳುತ್ತಿದೆ. ಅದರ ಲೆಕ್ಕದಲ್ಲಿ ಅದು ಸರಿಯೇ ಹೇಳುತ್ತಿದೆ, ಆದರೆ ಇಲ್ಲದ ಮನುಷ್ಯನ ಬಗ್ಗೆ ಹೇಳುತ್ತಿದೆ.

ಗುಳೇದಗುಡ್ಡದವ

ಅಯ್ಯೋ ಶಿವನೇ. ಎರಡು ದಿನ ಸರ್ವರ್‌ನವರ ಜೊತೆ ಜಗಳ ಆಡಿದೆ.

ಆದರೆ ಇಂಗ್ಲಿಷ್ ಹೆಸರು ಇದ್ದಾಗಲೂ ಅಲ್ಪವಿರಾಮ ಇತ್ತಲ್ಲ? ಆಗ ವರ್ಷಪೂರ್ತಿ ಹೇಗೆ ಹೋಯಿತು?

ಕುಂದಾ_ಪ್ರಿಯ

ಆಗಲೂ ತಪ್ಪೇ ಆಗುತ್ತಿತ್ತು, ಸದ್ದು ಮಾಡುತ್ತಿರಲಿಲ್ಲ ಅಷ್ಟೇ. ಪತ್ರಕ್ಕೆ ಎರಡು ಕಡೆ ವಿಳಾಸ ಇರುತ್ತದೆ. ಸರ್ವರ್ ನೋಡೋದು ಲಕೋಟೆ ಮೇಲಿನದು, ಅಂದರೆ ಎಸ್‌ಎಂಟಿಪಿ (ಈಮೇಲ್ ಸಾಗಿಸುವ ಪದ್ಧತಿ) ಮಾತುಕತೆಯಲ್ಲಿ ಕೊಡುವ ಪಟ್ಟಿ. ಟೂ ಸಾಲು ಒಳಗಿನ ಕಾಗದದ ಮೇಲೆ ಬರೆದ ಹಾಗೆ, ಓದುವವರಿಗಾಗಿ. ಅಂಚೆಯಣ್ಣ ಲಕೋಟೆ ಒಡೆದು ಕಾಗದ ಓದಿ ಮನೆ ಹುಡುಕೋದಿಲ್ಲವಲ್ಲ.

ನಿಮ್ಮ ಲಕೋಟೆ ಮೇಲೆ ಇಬ್ಬರಿದ್ದರು. ಇಂಗ್ಲಿಷ್ 'ಹಿರೇಮಠ' ಆಸ್ಕಿ ಅಕ್ಷರ, ಹಾಗಾಗಿ ಪೈಥಾನ್ ಸುಮ್ನೆ ದಾಟಿಸಿತು. ಮುಂದೆ ಎರಡು ಸಾಧ್ಯತೆ. ಸರ್ವರ್ ಅದೊಂದನ್ನು ನಿರಾಕರಿಸಿ ಇನ್ನೊಂದನ್ನು ಒಪ್ಪಿರಬಹುದು. ಎಲ್ಲರನ್ನೂ ನಿರಾಕರಿಸಿದರೆ ಮಾತ್ರ ಪೈಥಾನ್ ದೋಷ ಎತ್ತುತ್ತದೆ. ಒಬ್ಬಿಬ್ಬರು ಆದರೆ ಅವರ ಪಟ್ಟಿಯನ್ನು ಸೆಂಡ್_ಮೆಸೇಜ್ ವಾಪಸ್ ಕೊಡುತ್ತದೆ. ಅದನ್ನು ಯಾರು ನೋಡ್ತಾರೆ? ನಾನಂತೂ ಶುರುವಿನಲ್ಲಿ ನೋಡುತ್ತಿರಲಿಲ್ಲ. ಇನ್ನೊಂದು ಸಾಧ್ಯತೆ, ಸರ್ವರ್ 'ಹಿರೇಮಠ'ವನ್ನು ತನ್ನಲ್ಲಿರುವ ಬಳಕೆದಾರ ಅಂದುಕೊಂಡು ಒಪ್ಪಿ, ಆಮೇಲೆ ಅಂಥವರಿಲ್ಲ ಅಂತ ಬೌನ್ಸ್ ಕಳಿಸಿರಬಹುದು. ಸಂಘದ ಮೇಲ್‌ಬಾಕ್ಸ್ ನೋಡಿ.

ಗುಳೇದಗುಡ್ಡದವ

ನೋಡಿದೆ. ಪ್ರತಿ ತಿಂಗಳು ಐದನೇ ತಾರೀಖು ಸಾಲಾಗಿ ಬಂದಿವೆ. ಹಿರೇಮಠ ಇಲ್ಲ, ಬಡಿಗೇರ ಇಲ್ಲ, ಪಾಟೀಲ ಇಲ್ಲ, ಕುಲಕರ್ಣಿ ಇಲ್ಲ. ಕಚೇರಿಯವರು ಸ್ಪ್ಯಾಮ್ ಅಂತ ಅಳಿಸುತ್ತಿದ್ದರಂತೆ. ಒಂದು ವರ್ಷ!

ಗೋಳಗುಮ್ಮಟ_ಪ್ರತಿಧ್ವನಿ

ಸರಿ, ನನ್ನ ಮೊದಲ ಸಲಹೆ ವಾಪಸ್ ತಗೊಂಡೆ. ಆದರೆ ಪರಿಹಾರ ಸುಲಭ ಅನ್ಸುತ್ತೆ. ಹೆಸರಿನ ಆಚೆ ಈಚೆ ನೀವೇ ಜೋಡಿ ಉದ್ಧರಣ ಚಿಹ್ನೆ ಅಂಟಿಸಿ. ಅದರೊಳಗಿನ ಅಲ್ಪವಿರಾಮವನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ.

ಗುಳೇದಗುಡ್ಡದವ

ಹಾಗೇ ಮಾಡಿದೆ, ನನ್ನ ಹೆಸರಿಗೇ ಕಳಿಸಿಕೊಂಡೆ. ದೋಷ ಹೋಯಿತು, ಪತ್ರ ಬಂತು. ಆದರೆ ಪತ್ರದ ಮೂಲ ತೆರೆದು ನೋಡಿದರೆ ಟೂ ಸಾಲಿನಲ್ಲಿ ಬೇಸ್64 ಅಕ್ಷರಗಳು ಮಾತ್ರ ಇವೆ. @ ಗುರುತು ಎಲ್ಲೂ ಇಲ್ಲ. ವಿಳಾಸ ಎಲ್ಲಿ ಹೋಯಿತು?

ಕುಂದಾ_ಪ್ರಿಯ

ಆ ಬೇಸ್64 ಒಳಗೇ ಹೋಯಿತು. ನಿಮ್ಮದು ಪತ್ರ ಕಟ್ಟುವ ಹಳೇ ಮೈಮ್‌ಟೆಕ್ಸ್ಟ್ ದಾರಿ ಅಲ್ವಾ? ಅದು ಟೂ ಸಾಲಿಗೆ ಒಳ ರಚನೆ ಇದೆ ಅಂತ ನೋಡುವುದೇ ಇಲ್ಲ. ಕನ್ನಡ ಕಂಡ ಕೂಡಲೇ ಹೆಸರು, ಚಿಹ್ನೆ, ವಿಳಾಸ ಎಲ್ಲವನ್ನೂ ಒಟ್ಟಿಗೆ ಸುತ್ತಿಬಿಡುತ್ತದೆ. ನಿಯಮದ ಪ್ರಕಾರ ಹೆಸರನ್ನು ಮಾತ್ರ ಸುತ್ತಬೇಕು, < > ಒಳಗಿನ ವಿಳಾಸ ಬರಿಗಣ್ಣಿಗೆ ಕಾಣಬೇಕು. ಲಕೋಟೆ ಸರಿ ಇತ್ತು, ಹಾಗಾಗಿ ಪತ್ರ ತಲುಪಿತು. ನಿಮ್ಮ ಮೊದಲ ಮೂರು ಸದಸ್ಯರಿಗೆ ಹೋದ ಪತ್ರವೂ ಹೀಗೇ ಇರುತ್ತದೆ, ನೋಡಿ. ಇದೇ ತಪ್ಪು ಫ್ರಮ್ ಸಾಲಿನಲ್ಲಿ ಆದರೆ ಇನ್ನೂ ಕಷ್ಟ. ಉತ್ತರ ಬರೆಯುವವರಿಗೆ ವಿಳಾಸವೇ ಸಿಗೋದಿಲ್ಲ.

ಮೊದಲು ಹೆಸರನ್ನು ಸುತ್ತಿ ಆಮೇಲೆ ಉದ್ಧರಣ ಚಿಹ್ನೆ ಹಾಕ್ತೀನಿ ಅಂತಲೂ ಹೋಗಬೇಡಿ. ಸುತ್ತಿದ ಪದ ಆ ಚಿಹ್ನೆಗಳ ಒಳಗೆ ಇರಕೂಡದು ಅಂತ ಆರ್‌ಎಫ್‌ಸಿ 2047 ನೇರವಾಗಿಯೇ ಹೇಳುತ್ತದೆ. ಕೆಲವು ಆ್ಯಪ್ ದೊಡ್ಡ ಮನಸ್ಸು ಮಾಡಿ ಬಿಡಿಸಿ ತೋರಿಸುತ್ತವೆ, ಕೆಲವು =? ಸಮೇತ ತೋರಿಸುತ್ತವೆ. ಆಗ 'ನನ್ನ ಫೋನ್‌ನಲ್ಲಿ ಸರಿ ಇದೆಯಲ್ಲ' ಅನ್ನೋ ಜಗಳ ಶುರು.

ಹೆಸರು ಮತ್ತು ವಿಳಾಸವನ್ನು ನೀವು ಕೈಯಾರೆ ಕೂಡಿಸಬೇಡಿ. ಎರಡನ್ನೂ ಬೇರೆ ಬೇರೆಯಾಗಿಯೇ ಲೈಬ್ರರಿಗೆ ಕೊಡಿ:

ಪತ್ರ = ಈಮೇಲ್‌ಮೆಸೇಜ್()
ಪತ್ರ['ಟೂ'] = ಅಡ್ರೆಸ್(ಡಿಸ್‌ಪ್ಲೇ_ನೇಮ್=ಹೆಸರು, ಅಡ್ರ್_ಸ್ಪೆಕ್=ವಿಳಾಸ)

ಈಮೇಲ್‌ಮೆಸೇಜ್ ಇರೋದು ಈಮೇಲ್.ಮೆಸೇಜ್ ಒಳಗೆ, ಅಡ್ರೆಸ್ ಇರೋದು ಈಮೇಲ್.ಹೆಡರ್‌ರಿಜಿಸ್ಟ್ರಿ ಒಳಗೆ. ಪೈಥಾನ್ 3.6ರಿಂದ ಇವು ಪಕ್ಕಾ. ಅಂದಹಾಗೆ 'ಪತ್ರ', 'ಹೆಸರು' ಅಂತ ಕನ್ನಡದಲ್ಲೇ ಹೆಸರಿಟ್ಟರೂ ಪೈಥಾನ್ 3 ಒಪ್ಪುತ್ತದೆ. ನನ್ನ ಮನೆಯ ಸ್ಕ್ರಿಪ್ಟ್‌ಗಳು ಹಾಗೇ ಇವೆ, ಆಫೀಸಿನಲ್ಲಿ ಬೈತಾರೆ.

ಗೋಳಗುಮ್ಮಟ_ಪ್ರತಿಧ್ವನಿ

ಫಾರ್ಮ್ಯಾಟ್‌ಅಡ್ರ್ ಅಂತ ಒಂದು ಇದೆಯಲ್ಲ ಸರ್? ಒಂದೇ ಸಾಲಿನಲ್ಲಿ ಆಗುತ್ತೆ. ಅದು ಸಾಲದಾ?

ಕುಂದಾ_ಪ್ರಿಯ

ಮುಕ್ಕಾಲು ಪಾಲು ಸಾಕು. ಅದು ಹೆಸರನ್ನು ಮಾತ್ರ ಸುತ್ತುತ್ತದೆ, ಇಂಗ್ಲಿಷ್ ಹೆಸರಿನಲ್ಲಿ ಅಲ್ಪವಿರಾಮ ಇದ್ದರೆ ಉದ್ಧರಣ ಚಿಹ್ನೆಯನ್ನೂ ತಾನೇ ಹಾಕುತ್ತದೆ. ಆದರೆ ಕನ್ನಡದವರಿಗೆ ಒಂದು ತೊಡಕು ಇದೆ. ಸುತ್ತಿದ ಒಂದು ಪದ 75 ಅಕ್ಷರ ಮೀರಬಾರದು. ಮುಂದಿನ =?ಯುಟಿಎಫ್-8?ಬಿ? ಮತ್ತು ಹಿಂದಿನ ?= ಸೇರಿ 12 ಹೋಯಿತು. ಉಳಿದದ್ದು 63. ಬೇಸ್64 ನಾಲ್ಕು ನಾಲ್ಕರ ಲೆಕ್ಕದಲ್ಲಿ ಬರುತ್ತದೆ, ಹಾಗಾಗಿ 60. ಅದರಲ್ಲಿ ಹಿಡಿಯೋದು 45 ಬೈಟ್. ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ 15 ಸಂಕೇತ. ಒತ್ತು, ಕೊಂಬು, ಗುಡಿಸು, ಅನುಸ್ವಾರ ಎಲ್ಲಾ ಬೇರೆ ಬೇರೆ ಎಣಿಕೆ.

'ಹಿರೇಮಠ, ಬಸಯ್ಯ' 35 ಬೈಟ್, ಹಿಡಿಯುತ್ತದೆ. 'ಕುಲಕರ್ಣಿ, ವೆಂಕಟೇಶ' ನೋಡಿ. 8 ಸಂಕೇತ, 7 ಸಂಕೇತ, ಜೊತೆಗೆ ಅಲ್ಪವಿರಾಮ ಮತ್ತು ಖಾಲಿ ಜಾಗ. 47 ಬೈಟ್ ಆಯಿತು. ಸುತ್ತಿದರೆ 76 ಅಕ್ಷರ, ಒಂದು ಜಾಸ್ತಿ! ಫಾರ್ಮ್ಯಾಟ್‌ಅಡ್ರ್ ಅದನ್ನು ಎರಡು ಪದವಾಗಿ ಒಡೆಯೋದಿಲ್ಲ, ಉದ್ದಕ್ಕೆ ಬಿಟ್ಟುಬಿಡುತ್ತದೆ. ಬಹಳ ಕಡೆ ನಡೆದುಹೋಗುತ್ತದೆ, ಆದರೂ ನಿಯಮ ಮುರಿದ ಹಾಗೇ. ಈಮೇಲ್‌ಮೆಸೇಜ್ ಆದರೆ ತಾನೇ ಒಡೆದು ಮುಂದಿನ ಸಾಲಿಗೆ ಮಡಚುತ್ತದೆ.

ಇನ್ನೊಂದು ಎಚ್ಚರಿಕೆ. ನಿರ್ದೇಶಕರಿಗೆಲ್ಲಾ ಒಂದೇ ಪತ್ರದಲ್ಲಿ ಕಳಿಸುವುದಿದ್ದರೆ ಪೈಥಾನ್ ಹೊಸದು ಇರಲಿ. ಹಳೆಯವುಗಳಲ್ಲಿ ಉದ್ದದ ಪಟ್ಟಿ ಮಡಚುವಾಗ ಇಬ್ಬರ ನಡುವಿನ ಅಲ್ಪವಿರಾಮವನ್ನೂ ಬೇಸ್64 ಒಳಗೆ ಸುತ್ತಿಬಿಡುತ್ತಿತ್ತು. ಆಗ ನಿಮ್ಮದಕ್ಕೆ ಉಲ್ಟಾ, ಇಬ್ಬರು ಒಬ್ಬರಾಗಿಬಿಡುತ್ತಾರೆ. ಅದಕ್ಕೆ ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2025-1795 ಅಂತ ಸಂಖ್ಯೆಯೇ ಇದೆ. ಕನ್ನಡ ಹೆಸರಿನ ಪಟ್ಟಿ ಇರುವವರಿಗೇ ಅದು ಮೊದಲು ತಗಲೋದು.

ಉತ್ತರಗಳನ್ನು ಓದುವ ಸ್ಕ್ರಿಪ್ಟ್ ಬರೆದರೆ ಮೊದಲು ವಿಳಾಸಗಳನ್ನು ಬೇರ್ಪಡಿಸಿ, ಆಮೇಲೆ ಹೆಸರಿನ ಬೇಸ್64 ಬಿಚ್ಚಿ. ಮೊದಲೇ ಬಿಚ್ಚಿದರೆ ಒಳಗಿದ್ದ ಅಲ್ಪವಿರಾಮ ಹೊರಗೆ ಬಂದು ಹಿರೇಮಠರು ಮತ್ತೆ ಎರಡಾಗುತ್ತಾರೆ.

ಗುಳೇದಗುಡ್ಡದವ

ಬದಲಿಸಿದೆ, ಓಡಿಸಿದೆ. ಒಬ್ಬರನ್ನು ಬಿಟ್ಟು ಎಲ್ಲರಿಗೂ ಹೋಯಿತು. ಮೂಲದಲ್ಲಿ ವಿಳಾಸ ಬರಿಗಣ್ಣಿಗೆ ಕಾಣುತ್ತಿದೆ. ಬೌನ್ಸ್ ಒಂದೂ ಬಂದಿಲ್ಲ.

ಉಳಿದ ಆ ಒಬ್ಬರಿಗೆ ಮತ್ತದೇ ಯುಟಿಎಫ್8 ದೋಷ. ಹೆಸರಿನಲ್ಲಿ ಅಲ್ಪವಿರಾಮ ಇಲ್ಲ. ವಿಳಾಸ ಹತ್ತು ಸಲ ಓದಿದೆ, ಪೂರ್ತಿ ಇಂಗ್ಲಿಷ್. ಆಚೆ ಈಚೆ ಖಾಲಿ ಜಾಗ ಇದ್ದರೆ ಹೋಗಲಿ ಅಂತ ಸ್ಟ್ರಿಪ್ ಕೂಡ ಹಾಕಿದ್ದೇನೆ.

ಕುಂದಾ_ಪ್ರಿಯ

ಕಣ್ಣಿಂದ ಓದಬೇಡಿ. ಪ್ರಿಂಟ್ ಒಳಗೆ ರೆಪರ್ ಹಾಕಿ (ಕಾಣದ ಅಕ್ಷರವನ್ನೂ ಅದು ಸಂಕೇತವಾಗಿ ತೋರಿಸುತ್ತದೆ), ಏನು ಬರುತ್ತೆ ಹೇಳಿ.

ಗುಳೇದಗುಡ್ಡದವ

ಕೊನೆಯಲ್ಲಿ \ಯು200ಸಿ ಅಂತ ಬಾಲ ಇದೆ!

ಕುಂದಾ_ಪ್ರಿಯ

ಅದು ನಾವು ಕನ್ನಡದಲ್ಲಿ 'ರಾಜ್‌ಕುಮಾರ್' ಥರದ ಹೆಸರು ಬರೆಯುವಾಗ ಅರ್ಧಾಕ್ಷರ ಕೂಡದಂತೆ ಹಾಕುವ ಗುರುತು. ಕಣ್ಣಿಗೆ ಕಾಣೋದಿಲ್ಲ. ಪೈಥಾನ್ ಅದನ್ನು ಖಾಲಿ ಜಾಗ ಅಂತ ಎಣಿಸೋದಿಲ್ಲ, ಹಾಗಾಗಿ ಸ್ಟ್ರಿಪ್‌ಗೆ ಸಿಗಲಿಲ್ಲ. ಯಾವುದೋ ಕನ್ನಡ ಸಾಲಿನಿಂದ ವಿಳಾಸ ಕಾಪಿ ಮಾಡಿದಾಗ ಅಂಟಿಕೊಂಡು ಬಂದಿರುತ್ತದೆ. ಈ ಸಲ ದೋಷದ ಸಂದೇಶ ನಿಜ ಮನುಷ್ಯನ ಬಗ್ಗೆಯೇ ಹೇಳಿತ್ತು. ರಿಪ್ಲೇಸ್‌ನಿಂದ ಅಳಿಸಿ, ಆದರೆ ವಿಳಾಸದ ಕಾಲಮ್‌ನಲ್ಲಿ ಮಾತ್ರ. ಹೆಸರಿನಲ್ಲಿ ಅಳಿಸಿದರೆ ಕಾಗುಣಿತ ಕೆಡುತ್ತದೆ.

ಗುಳೇದಗುಡ್ಡದವ

ಹೋಯಿತು ರೀ. ಅವರು ಸೊಲ್ಲಾಪುರದಲ್ಲಿ ಇರೋದು, ವಾಟ್ಸಾಪ್‌ನಲ್ಲಿ ವಿಳಾಸ ಕಳಿಸಿದ್ದರಂತೆ. ಚೀಟಿ ಬಂತು ಅಂತ ಈಗಷ್ಟೇ ಫೋನ್ ಮಾಡಿದ್ದರು. ಸರ್ವರ್‌ನವರಿಗೂ ಫೋನ್ ಮಾಡಿ ತಪ್ಪು ನನ್ನದೇ ಅಂತ ಹೇಳಿಬಿಡುತ್ತೇನೆ. ಪ್ರಶ್ನೆ ಮುಗಿಯಿತು ಅಂತ ಗುರುತು ಹಾಕಿದ್ದೇನೆ.

ಗೋಳಗುಮ್ಮಟ_ಪ್ರತಿಧ್ವನಿ

ನಮ್ಮ ಕಾಲೇಜು ಗೆಳೆಯರ ಪಟ್ಟಿಯಲ್ಲಿ 'ಪಾಟೀಲ (ಇಂಡಿ)', 'ಪಾಟೀಲ (ಸಿಂದಗಿ)' ಅಂತ ಇದೆ. ಆವರಣಕ್ಕೂ ಹೀಗೇ ಏನಾದ್ರೂ ಇದೆಯಾ?

ಕುಂದಾ_ಪ್ರಿಯ

ಇದೆ. ಉದ್ಧರಣ ಚಿಹ್ನೆ ಇಲ್ಲದ ಆವರಣ ಅಂದರೆ ಟಿಪ್ಪಣಿ, ಹೆಸರಿನ ಭಾಗ ಅಲ್ಲ. ಕೆಲವು ತಂತ್ರಾಂಶ ಅದನ್ನು ಬಿಸಾಕಿ ಇಬ್ಬರನ್ನೂ ಬರೀ ಪಾಟೀಲ ಮಾಡಿಬಿಡುತ್ತವೆ. ನೀವೂ ಅಡ್ರೆಸ್‌ನಲ್ಲೇ ಕೊಡಿ.