ಬೊಲೆರೊ ಕ್ಯಾಂಪರ್‌ಗೆ ಗಟ್ಟಿ ಸೈಡ್ ಸ್ಟೆಪ್ ಯಾವ್ದು ಹಾಕಿಸ್ಲಿ? ಎರಿ ಹೊಲದಾಗ ಓಡು ಗಾಡಿ

ರೋಣದ ಕ್ಯಾಂಪರ್

ಅಣ್ಣಾರ ನಮಸ್ಕಾರ್ರಿ. ನಮ್ಮೂರು ರೋಣ ತಾಲೂಕಿನಾಗ ಬರ್ತೈತಿ, ಮನ್ಯಾಗ ಬೊಲೆರೊ ಕ್ಯಾಂಪರ್ ಐತ್ರಿ, ಡಬಲ್ ಕ್ಯಾಬಿಂದು, ಹಳದಿ ಬೋರ್ಡು, ತೊಗೊಂಡು ನಾಲ್ಕು ವರ್ಷ ಆಗಾಕ ಬಂತು. ತೊಗೊಂಡ ತಿಂಗಳದಾಗ ಒಂದ್ ಅಂಗಡ್ಯಾಗ ಕರೆ ಪೈಪಿನ ಸೈಡ್ ಸ್ಟೆಪ್ ಹಾಕಿಸಿದ್ದೆ, ಪೌಡರ್ ಕೋಟಿಂಗ್ ಮಿಂಚ್ತಿತ್ತು, ಲೈಫ್ ಟೈಮ್ ಬರ್ತೈತಿ ಬಿಡ್ರಿ ಅಂದಿದ್ರು. ಹೋದ ವಾರ ನಮ್ಮ ಕಾಕಾ ಡಿಎಪಿ ಚೀಲ ಹೆಗಲ ಮ್ಯಾಲೆ ಹೊತ್ಕೊಂಡು ಸ್ಟೆಪ್ ಮ್ಯಾಲೆ ಕಾಲಿಟ್ಟು ಡಾಲಾಕ್ಕ (ಗಾಡಿ ಹಿಂದ ಮಾಲು ಹೇರೂ ಜಾಗಾಕ್ಕ) ಚೀಲ ಒಗಿಯಾಕ ಹೋದ, ಕಟ್ ಅಂತ ಒಂದ್ ಸಪ್ಪಳ ಆತು ನೋಡ್ರಿ, ಹಿಂದಿನ ತುದಿ ಜೋತು ಬಿತ್ತು. ಕಾಕಾನ ಮೊಣಕಾಲು ತರಚಿತು ಅಷ್ಟ, ಪುಣ್ಯಾ, ಚೀಲ ಮಾತ್ರ ಒಡದು ಅರ್ಧ ಗೊಬ್ಬರ ರಾಡ್ಯಾಗ ಹೋತು.

ಬಗ್ಗಿ ನೋಡಿದ್ರ ಪೈಪಿನ ಮ್ಯಾಲಿನ ಮೈ ಇನ್ನಾ ಕರ್ರಗ ಚೊಲೋನ ಐತಿ, ಕೆಳಗಿನ ಮೈಗೆ ಕೈ ಹಚ್ಚಿದ್ರ ಸುಟ್ಟ ಹಪ್ಪಳದಂಗ ಪದರ ಪದರ ಉದುರ್ತೈತಿ. ಬೆರಳ ಒತ್ತಿದ್ರ ಒಳಗ ಹೋಗ್ತೈತಿ.

ಈಗ ಹೊಸಾದು ಹಾಕಸ್ಬೇಕು. ಅವ್ವಗ ಮೊಣಕಾಲು ನೋವ್ರಿ, ಸ್ಟೆಪ್ ಇಲ್ದ ಹತ್ತಾಕ ಆಗಂಗಿಲ್ಲ, ಸದ್ಯ ಒಂದ್ ಪ್ಲಾಸ್ಟಿಕ್ ಸ್ಟೂಲ್ ಗಾಡ್ಯಾಗ ಇಟ್ಕೊಂಡು ಅಡ್ಡಾಡಾಕತ್ತೇವಿ, ಇಳಿಯು ಮುಂದ ಸ್ಟೂಲು, ಹತ್ತು ಮುಂದ ಸ್ಟೂಲು, ನೋಡಿದವ್ರು ನಗ್ತಾರ. ಸ್ಟೀಲಿಂದು ಹಾಕಿಸ್ಲೋ, ಕಬ್ಬಿಣದ್ದ ದಪ್ಪಂದು ಮಾಡಸ್ಲೋ, ಅಗಲ ಪಟ್ಟಿದು ರನ್ನಿಂಗ್ ಬೋರ್ಡ್ ಅಂತಾರಲ್ಲ ಅದನ್ನ ಹಾಕಿಸ್ಲೋ ತಿಳಿವಲ್ದು. ಮಳಿಗಾಲದಾಗ ನಮ್ಮ ಕಡೆ ಎರಿ ಮಣ್ಣು ಹೆಂಗಿರ್ತೈತಿ ನಿಮಗ ಗೊತ್ತೈತಿ. ಹುಬ್ಬಳ್ಳಿಗೆ ಬರಾಕೂ ತಯಾರದೀನಿ. ಅನುಭವ ಇದ್ದವ್ರು ಹೇಳ್ರಿ.

ಬೆಟಗೇರಿ ಬಾಯ್ಸ್

ಸ್ಟೂಲ್ ಐಡಿಯಾನ ಬೆಸ್ಟ್ ಐತಲ್ಲೋ ಮಾರಾಯಾ, ಜಂಗ ಹಿಡಿಯಂಗಿಲ್ಲ 😄

ತಾರಿಹಾಳ ಫ್ಯಾಬ್ರಿಕೇಟರ್

ಅಣ್ಣಾ, ನಾನು ಹುಬ್ಬಳ್ಳಿಯಾಗ ಹದಿನೆಂಟು ವರ್ಷದಿಂದ ವೆಲ್ಡಿಂಗ್ ಮಾಡ್ಕೊಂಡು ಬಂದೀನಿ, ಇಂಥಾ ಮುರಿದ ಸ್ಟೆಪ್ ತಿಂಗಳಿಗೆ ಎರಡ್ಮೂರು ಬರ್ತಾವ. ಬಂದವ್ರೆಲ್ಲಾ ಪೈಪ್ ಬಗ್ಗೆನ ಕೇಳ್ತಾರ, ಬ್ರಾಕೆಟ್ ಬಗ್ಗೆ ಒಬ್ರೂ ಕೇಳಂಗಿಲ್ಲ. ಸ್ಟೆಪ್ ಮುರಿಯೂದು ನಡುವ ಅಲ್ಲ, ಬ್ರಾಕೆಟ್ ಹತ್ರ. ನಿಂದೂ ಅಲ್ಲೇ ಹೋಗಿರ್ತೈತಿ ನೋಡು.

ಯಾಕಂದ್ರ ಲೆಕ್ಕಾ ಹಾಕು. ಚಾಸಿಯಿಂದ ಸ್ಟೆಪ್ ಒಂದ್ ಫೂಟ್ ಹೊರಗ ಚಾಚಿರ್ತೈತಿ. ಮನಶ್ಯಾ 70 ಕೇಜಿ, ಡಿಎಪಿ ಚೀಲ 50 ಕೇಜಿ, ಎರಡೂ ಸೇರಿ 120 ಕೇಜಿ ಒಂದ ಕಾಲಿನ ಮ್ಯಾಲೆ, ಅದೂ ಸಾವಕಾಶ ಅಲ್ಲ, ಧಬಕ್ ಅಂತ. ಆ ಭಾರ ಅಷ್ಟೂ ಬಂದು ಬ್ರಾಕೆಟ್ಟಿನ ಬುಡ ಮೀಟ್ತೈತಿ, ಹಾರಿ ಹಾಕಿ ಕಲ್ಲ ಎಬ್ಬಿಸಿದಂಗ. ಅಲ್ಲಿ 3 ಎಂಎಂ ಪಟ್ಟಿ ಬಗ್ಗಿಸಿ ಹಚ್ಚಿದ್ರ ಎಷ್ಟ ದಿವಸ ತಡಿತೈತಿ? ಕಡಿಮಿ ಅಂದ್ರ 5 ಎಂಎಂ ಬೇಕು, ಮೂಲ್ಯಾಗ ಒಂದು ತ್ರಿಕೋನ ಸಪೋರ್ಟ್ ಬೇಕು. ಡಬಲ್ ಕ್ಯಾಬಿಗೆ ಒಂದ್ ಬಾಜು ಎರಡ ಬ್ರಾಕೆಟ್ ಸಾಲಂಗಿಲ್ಲ, ಮೂರು ಹಾಕಸು.

ಇನ್ನೊಂದು, ಇದನ್ನ ಭಾಳ ಮಂದಿ ತಪ್ಪ ಮಾಡ್ತಾರ. ನಿನ್ನ ಗಾಡಿ ಲ್ಯಾಡರ್ ಫ್ರೇಮ್, ಅಂದ್ರ ಚಾಸಿ ಬ್ಯಾರೆ, ಕ್ಯಾಬಿನ್ ಬ್ಯಾರೆ, ನಡುವ ರಬ್ಬರ್ ಬುಶ್ ಇರ್ತಾವ. ಹೊಲದ ದಾರ್ಯಾಗ ಚಾಸಿ ಒಂದ್ ಕಡೆ ತಿರುವಿದ್ರ ಕ್ಯಾಬಿನ್ ಇನ್ನೊಂದ್ ಕಡೆ ಅಳ್ಳಾಡ್ತೈತಿ. ಮುಂದಿನ ಬ್ರಾಕೆಟ್ ಚಾಸಿಗೆ, ಹಿಂದಿಂದು ಕ್ಯಾಬಿನ್ ತಳಕ್ಕ ಅಂತ ಹಚ್ಚಿದ್ರ ಸ್ಟೆಪ್ ನಡುವ ಸಿಕ್ಕು ದಿನಾ ತಿರುಚಿಸ್ಕೊಂತ ಇರ್ತೈತಿ, ತಂತಿ ಹಿಂದ ಮುಂದ ಬಗ್ಗಿಸಿದ್ರ ತುಂಡಾಗ್ತೈತಲ್ಲ ಹಂಗ ಒಂದಿನ ಬಿಡ್ತೈತಿ. ಹಚ್ಚಿದ್ರ ಎಲ್ಲಾ ಚಾಸಿಗೆ ಹಚ್ಚು.

ಚಾಸಿಗೆ ವೆಲ್ಡಿಂಗ್ ಅಂತೂ ಮಾಡಸಬ್ಯಾಡ, ಯಾರ ಹೇಳಿದ್ರೂ. ಕಾಸಿದ ಜಾಗಾ ಮೆತ್ತಗಾಗಿ ಅಲ್ಲಿಂದ ಸೀಳ್ತೈತಿ. ಕಂಪನಿಯವ್ರು ಕೊಟ್ಟ ತೂತು ಚಾಸಿಯಾಗ ಇರ್ತಾವ, ಅದಕ್ಕ ಹೊಂದು ಬ್ರಾಕೆಟ್ ಮಾಡ್ಕೋಬೇಕು, ಬೋಲ್ಟಿನ ತಲಿ ಮ್ಯಾಲೆ 8.8 ಅಂತ ಗಟ್ಟಿತನದ ನಂಬರ್ ಬರದಿರ್ತಾರ, ಅದನ್ನ ನೋಡಿ ತೊಗೋ, ನೈಲಾಕ್ ನಟ್ (ಒಳಗ ನೈಲಾನ್ ರಿಂಗ್ ಇರೂದು, ಲಗೂ ಸಡ್ಲ ಆಗಂಗಿಲ್ಲ) ಹಾಕು. ನಾವೂ ಮೊದ್ಲ ಚಾಸಿಗೆ ಟ್ಯಾಕ್ ಹೊಡದು ಕೊಡ್ತಿದ್ವಿ, ಸುಳ್ಳ ಹೇಳಂಗಿಲ್ಲ, ಗಿರಾಕಿ ಅವಸರ ಮಾಡ್ತಿದ್ರು. ಈಗ ಬಿಟ್ಟೇವಿ.

ಬ್ಯಾಡಗಿ ಕೆಂಪ

ನಂದು ಇಸುಜು ಡಿ ಮ್ಯಾಕ್ಸ್ ವಿ ಕ್ರಾಸ್ ಪಿಕಪ್ ಐತ್ರಿ, ಮೆಣಸಿನಕಾಯಿ ಸೀಜನ್ನಿನಾಗ ಬ್ಯಾಡಗಿ ಮಾರ್ಕೆಟ್ಟಿಗೆ ವಾರಕ್ಕ ಎರಡ ಸಲ, ಉಳಿದ ದಿನ ಹೊಲಕ್ಕ. ರನ್ನಿಂಗ್ ಬೋರ್ಡ್ ಬಗ್ಗೆ ಕೇಳೀರಲ್ಲ ಅದಕ್ಕ ಹೇಳ್ತೀನಿ, ಸಿಟಿಯಾಗ ಓಡ್ಸವ್ರಿಗೆ ಚೊಲೋ, ನಮಗ ಅಲ್ಲ. ನಾನು ಅಲ್ಯುಮಿನಿಯಮ್ಮಿಂದು ಅಗಲ ಪಟ್ಟಿ ಹಾಕಿಸಿದ್ದೆ, ಜಂಗ ಹಿಡಿಯಂಗಿಲ್ಲ ಅಂತ. ಜಂಗ ಏನೋ ಹಿಡಿಲಿಲ್ಲ, ಆದ್ರ ಪಟ್ಟಿಗೂ ಬಾಡಿಗೂ ನಡುವಿನ ಸಂದ್ಯಾಗ ರಾಡಿ ತುಂಬಿ ತುಂಬಿ ಗಟ್ಟಿ ಇಟ್ಟಂಗಿ ಆಗಿ ಕುಂತಿತ್ತು. ಎರಡ ವರ್ಷಕ್ಕ ಬಿಚ್ಚಿದ್ರ ಬಾಗಿಲ ಕೆಳಗಿನ ಸಿಲ್ಲಿಗೆ ಜಂಗ ಹಿಡದಿತ್ತು! ಸ್ಟೆಪ್ ಉಳಿತು, ಗಾಡಿ ಕೆಡ್ತು. ಎರಿ ಮಣ್ಣು ಮ್ಯಾಲೆ ಒಣಗಿದಂಗ ಕಂಡ್ರೂ ಒಳಗ ವಾರಗಟ್ಲೆ ಹಸಿ ಹಿಡ್ಕೊಂಡಿರ್ತೈತ್ರಿ, ಅದ ತೊಂದ್ರಿ.

ಮತ್ತ ಅಲ್ಯುಮಿನಿಯಮ್ ಕಬ್ಬಿಣದ ಬ್ರಾಕೆಟ್ಟಿಗೆ ಸೀದಾ ಕುಂತಲ್ಲಿ ಬಿಳೆ ಪುಡಿ ಬಂದು ತಿಂದಿತ್ತು, ಎರಡು ಬ್ಯಾರೆ ಲೋಹ ನೀರಿನಾಗ ಕೂಡಿದ್ರ ಬ್ಯಾಟರಿ ಇದ್ದಂಗ. ನಡುವ ರಬ್ಬರ್ ಇಲ್ಲಾ ನೈಲಾನ್ ವಾಷರ್ ಹಾಕಬೇಕಿತ್ತು, ಹಾಕಿದವ್ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈಗ ಪೈಪಿಂದ ಹಾಕಿಸೀನಿ, ಪೈಪಿಗೂ ಬಾಡಿಗೂ ಮೂರು ಬೆರಳ ಸಂದಿ ಬಿಟ್ಟು. ರಾಡಿ ತಾನ ಉದುರ್ತೈತಿ, ಉಳಿದದ್ದಕ್ಕ ಪೈಪ್ ಹಿಡದು ನೀರ ಹೊಡದ್ರ ಮುಗೀತು.

ರೋಣದ ಕ್ಯಾಂಪರ್

@ತಾರಿಹಾಳ ಅಣ್ಣಾ, ನಿನ್ನ ಮಾತು ಓದಿ ಈಗ ಗಾಡಿ ಕೆಳಗ ಮಲಗಿ ನೋಡಿ ಬಂದೆ. ಖರೇ ಐತಿ. ಮುರದದ್ದು ಬ್ರಾಕೆಟ್ ವೆಲ್ಡಿಂಗಿನ ಬಾಜೂಕ, ಅರ್ಧ ಬೆರಳ ಅಂತರದಾಗ. ಅದೂ ಒಂದ್ ಬಾಜು ಎರಡ ಬ್ರಾಕೆಟ್ ಅದಾವ, ಹಿಂದಿಂದು ಕ್ಯಾಬಿನ್ನಿಗೆ ಹಚ್ಯಾರ. ಮುರಿದ ಪೈಪಿನ ಬಾಯಿ ಕೆಳಗ ಮಾಡಿ ಬಡದ್ರ ಒಳಗಿಂದ ಒಂದು ಚಹಾ ಕಪ್ಪಿನಷ್ಟು ಕೆಂಪ ನೀರು, ಜಂಗಿನ ಪುಡಿ ಸುರಿತು. ಪೈಪಿನ ಎರಡೂ ತುದಿಗೆ ಪ್ಲಾಸ್ಟಿಕ್ ಮುಚ್ಚಳ ಇತ್ತು, ನೀರು ಹೆಂಗ ಹೋತು ಒಳಗ?

ಸ್ಟೀಲ್ ಹಾಕಿಸಿದ್ರ ಈ ರಗಳೆನ ಇರಂಗಿಲ್ಲಲ್ಲ? ಗದಗಿನಾಗ ಒಬ್ರು 304 ನಂಬರಿನ ಚೊಲೋ ಸ್ಟೀಲ್ ಅಂತ ಹೇಳಿ ಮ್ಯಾಗ್ನೆಟ್ ಹಚ್ಚಿ ತೋರಿಸಿದ್ರು, ಹತ್ತಲಿಲ್ಲ, ಹಂಗಾದ್ರ ಒರಿಜಿನಲ್ಲ ಇರಬೇಕಲ್ಲ?

ತಾರಿಹಾಳ ಫ್ಯಾಬ್ರಿಕೇಟರ್

ಮುಚ್ಚಳದ ಸಂದ್ಯಾಗ, ಸ್ಕ್ರೂ ತೂತಿನಾಗ ಹೋಗ್ತೈತಿ ತಮ್ಮಾ. ನೀರು ಹೋಗೂದು ತಪ್ಪಸಾಕ ಆಗಂಗಿಲ್ಲ, ಬರಾಕ ದಾರಿ ಮಾಡ್ಬೇಕು. ಪೈಪಿನ ಕೆಳಗಿನ ಮೈಗೆ, ಎಲ್ಲಿ ತಗ್ಗ ಐತಿ ಅಲ್ಲಿ, 8 ಎಂಎಂ ತೂತು ಎರಡ್ಮೂರು ಹೊಡಸು. ಕೋಟಿಂಗ್ ಮಾಡಸೂಕಿಂತ ಮೊದ್ಲ ಹೊಡಸ್ಬೇಕು ಮತ್ತ, ಆಮ್ಯಾಲೆ ಹೊಡದ್ರ ತೂತಿನ ಸುತ್ತನ ಜಂಗ ಶುರು ಆಗ್ತೈತಿ. ನಿಂದು ಒಳಗಿಂದ ಕೊಳತೈತಿ, ಹೊರಗ ಎಷ್ಟ ಪೌಡರ್ ಬಡದ್ರೂ ಅಷ್ಟ.

ಕೆಲಗೇರಿ ಕಟ್ಟಿ

ಮ್ಯಾಗ್ನೆಟ್ಟಿನ ಮಾತು ನಂಬಬ್ಯಾಡ್ರಿ. ನಾನು ಧಾರವಾಡದಾಗ ಸ್ಟೀಲ್ ರೇಲಿಂಗ್ ಕೆಲಸದಾಗ ಇದ್ದೀನಿ. 304ಕ್ಕೂ ಮ್ಯಾಗ್ನೆಟ್ ಹತ್ತಂಗಿಲ್ಲ, 202 ಅನ್ನೂ ಹಗುರ ದರ್ಜೆ ಸ್ಟೀಲಿಗೂ ಹತ್ತಂಗಿಲ್ಲ, ಎರಡೂ ಒಂದ ಜಾತಿ. ಉಲ್ಟಾ ಏನದ ಅಂದ್ರ, ಒರಿಜಿನಲ್ 304 ಪೈಪನ್ನ ಬೆಂಡ್ ಮಾಡಿದ ಜಾಗಾಕ್ಕ ಸ್ವಲ್ಪ ಹತ್ತತದ, ಅದನ್ನ ನೋಡಿ ಮಂದಿ ಡುಪ್ಲಿಕೇಟ್ ಅಂತ ವಾಪಸ್ ಕಳಸ್ತಾರ. ಫರಕ್ ಇರೂದು ಒಳಗಿನ ಮಾಲಿನಾಗ. 304ರಾಗ ನಿಕ್ಕಲ್ 8 ಪರ್ಸೆಂಟಿನ ಮ್ಯಾಲೆ, 202ರಾಗ 4ರಿಂದ 6, ಕಡಿಮಿ ಬಿದ್ದದ್ದಕ್ಕ ಮ್ಯಾಂಗನೀಸ್ ತುಂಬಿರ್ತಾರ. ಗುಜರಿ ಅಂಗಡಿಯವ್ರ ಹತ್ರ ಒಂದ್ ಸಣ್ಣ ಬಾಟಲಿ ಇರ್ತದ ನೋಡ್ರಿ, ಒಂದ್ ಹನಿ ಪೈಪ್ ಮ್ಯಾಲೆ ಹಾಕಿ 9 ವೋಲ್ಟ್ ಬ್ಯಾಟರಿ ಮುಟ್ಟಸ್ತಾರ, ಹನಿ ಕೆಂಪಗಾದ್ರ 202. ಅಂಗಡಿಯವ್ರಿಗೆ ಅದನ್ನ ಮಾಡಿ ತೋರಸ್ರಿ ಅನ್ರಿ, ಮಾರಿ ಬಣ್ಣ ನೋಡ್ರಿ ಮೊದ್ಲ.

304 ತಂದ್ರೂ ಅದನ್ನ ಕಬ್ಬಿಣದ ಬ್ರಾಕೆಟ್ಟಿಗೆ ಸಾದಾ ರಾಡಿನಿಂದ ವೆಲ್ಡ್ ಮಾಡಿದ್ರ ಜೋಡಿನಾಗ ಜಂಗ ಬರೂದ. ಆರ್ಗಾನ್ ವೆಲ್ಡಿಂಗ್, 309 ನಂಬರಿನ ತಂತಿ, ಅದು ಗೊತ್ತಿದ್ದವ್ರ ಕಡೆನ ಮಾಡಸ್ಬೇಕು. ನನ್ನ ಕೇಳಿದ್ರ ಹೊಲದ ಗಾಡಿಗೆ ಸ್ಟೀಲ್ ಬ್ಯಾಡ. ರಾಡಿ ಬೂಟಿನಾಗ ಗುಂಡನೆ ಸ್ಟೀಲ್ ಪೈಪ್ ಮ್ಯಾಲೆ ಕಾಲಿಟ್ರ ಸಾಬೂನಿನ ಮ್ಯಾಲೆ ಇಟ್ಟಂಗ. ನಿಮ್ಮ ಅವ್ವಾರು ಹತ್ತಾರ ಅಂದೀರಿ.

ಇನ್ನೊಂದು ಹಳದಿ ಬೋರ್ಡ್ ಅಂದ್ರಲ್ಲ, ನಾಲ್ಕು ವರ್ಷ ಅಂದ್ರ ಎಫ್‌ಸಿ (ಆರ್‌ಟಿಓದ ಫಿಟ್ನೆಸ್ ಸರ್ಟಿಫಿಕೇಟ್) ಹತ್ರ ಬಂದಿರಬೇಕು, ಎಂಟು ವರ್ಷದ ತನಕ ಎರಡ ವರ್ಷಕ್ಕೊಮ್ಮೆ ಮಾಡಸಬೇಕಲ್ಲ. 2017ರ ಡಿಸೆಂಬರಿನಾಗ ಕೇಂದ್ರ ಸಾರಿಗೆ ಮಂತ್ರಾಲಯದವ್ರು ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಚ್ಚೂದು 1988ರ ಮೋಟಾರ್ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಅಂತ ರಾಜ್ಯಗಳಿಗೆಲ್ಲಾ ಪತ್ರ ಬರದಾರ. ಅದು ಗಾಡಿ ಮುಂದ ಹಚ್ಚೂ ಗಾರ್ಡಿನ ಮಾತು, ಸ್ಟೆಪ್ಪಿನ ಮಾತಲ್ಲ, ಆದ್ರೂ ಸ್ಟೆಪ್ ಬಾಡಿ ಗೆರಿ ದಾಟಿ ಹೊರಗ ಚಾಚದಂಗ ಮಾಡಸ್ರಿ. ಚೂಪ ತುದಿ ಇರಬಾರ್ದು. ಬೈಕಿನವ್ರ ಮೊಣಕಾಲಿಗೆ ಬಡದ್ರ ಯಾರ ಜವಾಬ್ದಾರಿ?

ಬ್ಯಾಡಗಿ ಕೆಂಪ

ಕೆಲಗೇರಿಯವ್ರ ಮಾತಿಗೆ ಅರ್ಧ ಒಪ್ತೀನಿ. ಸ್ಟೀಲ್ ಜಾರತೈತಿ ಖರೇ, ಆದ್ರ ಮ್ಯಾಲೆ ತೂತಿನ ಗ್ರಿಪ್ ಪ್ಲೇಟ್ ಕೂಡಸಿದ್ರ ಜಾರಂಗಿಲ್ಲ. ಪ್ಲಾಸ್ಟಿಕ್ ಗ್ರಿಪ್ ಪ್ಯಾಡ್ ಮಾತ್ರ ಬ್ಯಾಡ, ನಮ್ಮ ಬಿಸಲಿಗೆ ಎರಡ ಬೇಸಗಿಗೆ ಬಿಸ್ಕೀಟ್ ಮುರದಂಗ ಮುರಿತಾವ.

ಗೊಬ್ಬರ ಹೇರವ್ರು ಇನ್ನೊಂದು ನೋಡ್ರಿ, ಪೊಟ್ಯಾಶ್ ಚೆಲ್ಲಿದ್ರ ಅವತ್ತ ತೊಳಿರಿ, ಅದು ಉಪ್ಪಿನ ಜಾತಿ, ಸಮುದ್ರದ ದಂಡ್ಯಾಗ ಗಾಡಿ ನಿಲ್ಸಿದಂಗ ಆಗ್ತೈತಿ.

ತಾರಿಹಾಳ ಫ್ಯಾಬ್ರಿಕೇಟರ್

ತಮ್ಮಾ ರೊಕ್ಕ ಸ್ವಲ್ಪ ಹೆಚ್ಚಾದ್ರೂ ನಡಿತೈತಿ ಅಂದ್ರ ಕಬ್ಬಿಣದ್ದ ಮಾಡಿಸಿ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಸು, ಅಂದ್ರ ಇಡೀ ಸ್ಟೆಪ್ಪನ್ನ ಕರಗಿದ ಜಿಂಕಿನಾಗ ಮುಳುಗಿಸಿ ತಗಿತಾರ, ಪೈಪಿನ ಒಳಗೂ ಹೊರಗೂ ಜಿಂಕ್ ಕೂಡ್ತೈತಿ. ಆ ತೂತು ಇಲ್ಲೂ ಬೇಕು, ಬೇಕಾ ಬೇಕು. ಜಿಂಕಿನ ಹೊಂಡ 450 ಡಿಗ್ರಿ ಇರ್ತೈತಿ, ಮುಚ್ಚಿದ ಪೈಪ್ ಮುಳುಗಿಸಿದ್ರ ಒಳಗಿನ ಗಾಳಿ, ಹಸಿ ಉಬ್ಬಿ ಬಾಂಬಿನಂಗ ಸಿಡಿತೈತಿ, ತೂತು ಇಲ್ಲದ ಮಾಲು ಅವ್ರು ಮುಟ್ಟಂಗಿಲ್ಲ. ಪೈಪ್ 14 ಗೇಜ್ ಹಾಕಸು, ಅಂದ್ರ 2 ಎಂಎಂ. 16 ಗೇಜ್ ಅಂದ್ರ 1.6 ಎಂಎಂ, ಅಂಗಡಿ ಮಾಲು ಬಹಳಷ್ಟು ಅದ ಇರ್ತೈತಿ, ಇಲ್ಲಾ ಅದಕ್ಕೂ ತೆಳು. ಬೆರಳಿನಿಂದ ಬಡದ ಸಪ್ಪಳಕ್ಕ ಗೊತ್ತಾಗಂಗಿಲ್ಲ, ತುದಿ ಮುಚ್ಚಳ ತಗಿಸಿ ವರ್ನಿಯರ್ (ದಪ್ಪ ಅಳಿಯೂ ಸಾಧನ) ಹಚ್ಚಿ ನೋಡು.

ಮತ್ತ ಮುಂದಿನ ಗಾಲಿ ಹಿಂದ ಮಡ್ ಫ್ಲಾಪ್ ಇಲ್ಲಂದ್ರ ಹಾಕ್ಕೋ. ಗಾಲಿ ಎಸಿಯು ಕಡಿ ಸೀದಾ ಸ್ಟೆಪ್ಪಿನ ಮೂತಿಗೆ ಬಡಿತಾವ, ಬಣ್ಣ ಮೊದ್ಲ ಹೋಗೂದು ಅಲ್ಲೇ.

ರೋಣದ ಕ್ಯಾಂಪರ್

ಎರಡ ತಿಂಗಳ ಮ್ಯಾಲೆ ಬರಿಯಾಕತ್ತೀನಿ, ಬಿತ್ತಿಗಿ ಗದ್ಲದಾಗ ಇದ್ದೆ. ಮಾಡಿಸ್ದೆ. ಕಬ್ಬಿಣದ್ದ, 14 ಗೇಜ್, ಎರಡೂವರಿ ಇಂಚಿನ ಪೈಪು, ಎರಡೂ ಬಾಗಿಲ ಮುಂದ ಗೇಣ ಅಗಲದ ಚೆಕರ್ಡ್ ಪ್ಲೇಟು. ಬಾಜೂಕ್ಕ ಮೂರು ಬ್ರಾಕೆಟ್, ಎಲ್ಲಾ ಚಾಸಿಗೆ. ಗ್ಯಾಲ್ವನೈಸಿಂಗ್ ಮಾಡಸೀನಿ, ಬಣ್ಣ ಹೊಡಸಿಲ್ಲ, ಲೈಟ್ ಕಂಬದ ಬಣ್ಣ ಐತಿ, ಗೆಳ್ಯಾರು ಹೆಸ್ಕಾಂ ಗಾಡಿ ಬಂತು ಅಂತ ಚಾಷ್ಟಿ ಮಾಡ್ತಾರ, ಮಾಡ್ಲಿ. ಮಿರಗದ ಮಳ್ಯಾಗ ಹೊಲಕ್ಕ ಇಳಿಸಿದ್ದೆ, ತೊಳಿಯು ಮುಂದ ನೋಡಿದ್ರ ತೂತಿನಾಗಿಂದ ನೀರು ತಟಕ್ ತಟಕ್ ಹೊರಗ ಬೀಳ್ತಿತ್ತು, ಅದನ್ನ ನೋಡಿನ ಅರ್ಧ ರೊಕ್ಕ ವಸೂಲ್ ಆದಂಗಾತು.

ಎತ್ತರ ಅವ್ವನ್ನ ನಿಲ್ಲಿಸಿ ಅಳತಿ ತೊಗೊಂಡ್ವಿ. ಸ್ಟೆಪ್ ಮಾಡಿಕೊಟ್ಟ ಫ್ಯಾಬ್ರಿಕೇಟರ್ ಹೇಳಿದ್ದಕ್ಕಿಂತ ಎರಡ ಇಂಚ ಕೆಳಗ ಬಂತು. ಹೊಲದ ಬದು ದಾಟು ಮುಂದ ಒಂದ್ ಸಲ ತಗಲೈತಿ, ಅದು ಗೊತ್ತಿದ್ದ ಮಾಡಿಸಿದ್ದು. ಅವ್ವ ಹತ್ತಿ ಕುಂತು ಸೆರಗ ಸರಿ ಮಾಡ್ಕೊಂಡು, ಸ್ಟೂಲ್ ಒಳಗ ಇಡ್ರಿ, ನನಗ ರೊಟ್ಟಿ ಬಡಿಯು ಮುಂದ ಕುಂದ್ರಾಕ ಬೇಕು ಅಂದ್ಲು.

ಒಂದ ಮಾತು ಕೇಳೂದಿತ್ತು. 500 ಕಿಲೋಮೀಟರ್ ಆದ ಮ್ಯಾಲೆ ಪಾನಾ ಹಚ್ಚಿ ನೋಡಿದ್ರ ಎಡಗಡೆ ಹಿಂದಿನ ನಟ್ ಅರ್ಧ ಸುತ್ತು ತಿರುಗಿತು, ಉಳಿದವು ಗಟ್ಟಿ ಅದಾವ. ನೈಲಾಕ್ ಹಾಕಿದ್ರೂ ಹಿಂಗ ಆಗ್ತೈತೇನು?

ತಾರಿಹಾಳ ಫ್ಯಾಬ್ರಿಕೇಟರ್

ಆಗ್ತೈತಿ, ಅಂಜಬ್ಯಾಡ. ಹೊಸ ಜಿಂಕಿನ ಪದರ ಒತ್ತಿ ಕುಂದ್ರತೈತಿ, ಅದಕ್ಕ ಮೊದ್ಲನೇ ಸಲ ಸಡ್ಲ ಆಗೂದು. ಬಿಗಿ ಮಾಡಿ ನಟ್ಟಿನಿಂದ ಬ್ರಾಕೆಟ್ಟಿನ ತನಕ ಬಿಳೆ ಪೇಂಟಿಂದ ಒಂದ್ ಗೆರಿ ಎಳಿ. ಗಾಡಿ ತೊಳಿಯು ಮುಂದ ಬಗ್ಗಿ ನೋಡು, ಗೆರಿ ಸೀದಾ ಇದ್ರ ಪಾನಾ ತಗಿಯೂ ಕೆಲಸಿಲ್ಲ. ಮತ್ತ ಅದ ನಟ್ ಇನ್ನೊಮ್ಮೆ ತಿರುಗಿದ್ರ ಬೋಲ್ಟ್ ಬದಲಿ ಮಾಡು, ಹಳೇದನ್ನ ಬಿಗಿ ಮಾಡ್ಕೊಂತ ಕುಂದ್ರಬ್ಯಾಡ.